ವಾಹಕ

ಸಿಕಲ್ ಸೆಲ್ ಎಂದರೆ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ, ವಂಶಪಾರಂಪರ್ಯವಾಗಿ ಬರುವ ಕಾಯಿಲೆ. ಅದರ ತಪಾಸಣಾ ಶಿಬಿರಗಳ ಸುದ್ದಿಯಲ್ಲಿ 'ಇಷ್ಟು ಮಂದಿ ರೋಗವಾಹಕರು ಪತ್ತೆ' ಎಂಬ ಸಾಲು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಡೆಂಗಿ ಕಾಲದಲ್ಲಿ ಈಡಿಸ್ ಸೊಳ್ಳೆಗೂ ಇದೇ ಬಿರುದು. ಸೊಳ್ಳೆ ಪತ್ತೆಯಾದರೆ ಹೊಗೆ ಹಾಕುತ್ತಾರೆ. ಮನುಷ್ಯರು ಪತ್ತೆಯಾದರೆ ಓದುಗರು ಏನೆಂದುಕೊಳ್ಳಬೇಕು? ಪಕ್ಕದಲ್ಲಿ ಕೂರಬಾರದು ಎಂದೇ?

ಪದದ ತಪ್ಪೇನಿಲ್ಲ. ಸಂಸ್ಕೃತದ 'ವಹ್' ಧಾತುವಿಗೆ ಹೊರು, ಒಯ್ಯು ಎಂಬ ಅರ್ಥ. ವಾಹನ, ವಾಹಿನಿ, ಪ್ರವಾಹ ಎಲ್ಲವೂ ಅದರಿಂದ ಹುಟ್ಟಿದವು. ಬಸ್ಸಿನಲ್ಲಿ ಚೀಟಿ ಹರಿಯುವ ನಿರ್ವಾಹಕರೂ ಅದೇ ಮನೆತನದವರು, ವಿದ್ಯುತ್ತನ್ನು ಹರಿಯಗೊಡುವ ತಾಮ್ರವೂ ವಾಹಕವೇ. ವಧುವನ್ನು ಕರೆದೊಯ್ಯುವ ವಿವಾಹದ ಮೂಲವೂ ಇದೇ. ದೇಹದ ಗುಣಗಳನ್ನು ತಲೆಮಾರಿನಿಂದ ತಲೆಮಾರಿಗೆ ಒಯ್ಯುವ ಜೀನ್‌ಗೆ 'ವಂಶವಾಹಿ' ಎಂದು ಹೆಸರಿಟ್ಟಾಗಲೂ ಇದೇ ಧಾತು ಕೈಗೆ ಸಿಕ್ಕಿದೆ, ಗೊಂದಲದ ಅರ್ಧ ಭಾಗ ಅಲ್ಲಿಂದಲೇ ಶುರು. 'ಅವರ ಮನೆಯವರಲ್ಲಿ ವಂಶವಾಹಿ ಇದೆಯಂತೆ' ಎಂದು ದನಿ ತಗ್ಗಿಸಿ ಹೇಳುವವರಿದ್ದಾರೆ. ಸ್ವಾಮಿ, ಅದು ನಿಮ್ಮಲ್ಲೂ ಇದೆ, ಸುಮಾರು 20,000.

ಹೊರುವುದರಲ್ಲಿ ಎರಡು ಬಗೆ. ಹೊತ್ತು ಊರೂರಿಗೆ ಹಂಚುವುದು ಒಂದು, ಸುಮ್ಮನೆ ಹೊತ್ತುಕೊಂಡಿರುವುದು ಇನ್ನೊಂದು. ಸೊಳ್ಳೆಯದು ಮೊದಲನೆಯದು. ತಳಿವಿಜ್ಞಾನದ ವಾಹಕರದು ಎರಡನೆಯದು: ಅವರಲ್ಲಿ ರೋಗಾಣುವೇ ಇಲ್ಲ, ಒಂದು ಜೀನಿನ ಎರಡು ಪ್ರತಿಗಳಲ್ಲಿ ಒಂದು ಬದಲಾಗಿದೆ, ಅಷ್ಟೇ. ಇನ್ನೊಂದು ಪ್ರತಿ ಕೆಲಸ ನಡೆಸುವುದರಿಂದ ಸಾಮಾನ್ಯವಾಗಿ ರೋಗಲಕ್ಷಣವೂ ಇರುವುದಿಲ್ಲ. ಮುಟ್ಟಿದರೆ, ಕೆಮ್ಮಿದರೆ ಅದು ಯಾರಿಗೂ ಅಂಟದು. ಹೋಗುವುದಾದರೆ ಹುಟ್ಟುವ ಮಕ್ಕಳಿಗೆ ಮಾತ್ರ, ಅದೂ ಪ್ರತಿ ಮಗುವಿಗೆ ಅರ್ಧದಷ್ಟು ಸಾಧ್ಯತೆ. ಹಾಗಾಗಿ 'ಸಿಕಲ್ ಸೆಲ್ ವಾಹಕ' ಎಂದರೆ ಸಾಕು, ಹಿಂದೆ 'ರೋಗ' ಅಂಟಿಸಬೇಡಿ.

ತಮಾಷೆಯೆಂದರೆ ಈ ವಾಹಕರಿಗೆ ತೀವ್ರ ಮಲೇರಿಯಾದಿಂದ ಬಹುಮಟ್ಟಿಗೆ ರಕ್ಷಣೆಯಿದೆ. ಮಲೇರಿಯಾ ಹೆಚ್ಚಿದ್ದ ಸೀಮೆಗಳಲ್ಲಿ ಈ ಬದಲಾದ ಜೀನ್ ತಲೆಮಾರುಗಳುದ್ದಕ್ಕೂ ಉಳಿದುಬಂದದ್ದು ಅದಕ್ಕಾಗಿಯೇ. ಭಾರತದಲ್ಲಿ ಇದನ್ನು ವಿಜ್ಞಾನಿಗಳಾದ ಲೆಹ್ಮನ್ ಮತ್ತು ಕಟ್‌ಬುಷ್ 1952ರಲ್ಲಿ ನೀಲಗಿರಿಯ ಬುಡಕಟ್ಟು ಜನರಲ್ಲಿ ಗುರುತಿಸಿದರು. ಅಂದರೆ ಸೊಳ್ಳೆಗೆ ಕೊಟ್ಟ ಬಿರುದನ್ನೇ ನಾವು ಸೊಳ್ಳೆಯ ಕಾಟವನ್ನು ತಾಳಿಕೊಂಡವರಿಗೂ ಕೊಡುತ್ತಿದ್ದೇವೆ.

ಯಾರು ವಾಹಕರು ಎಂದು ತಿಳಿಯಲು ಎಷ್ಟೋ ಸಲ ವಂಶವೃಕ್ಷವೇ ಸಾಕು. ಚೌಕ ಗಂಡು, ವೃತ್ತ ಹೆಣ್ಣು, ಮಸಿ ತುಂಬಿದ್ದರೆ ರೋಗಿ. ವಿಕ್ಟೋರಿಯಾ ರಾಣಿಯ ಮಗ ಲಿಯೊಪೋಲ್ಡ್‌ಗೆ ಹಿಮೋಫಿಲಿಯಾ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ ಇತ್ತು, ಅವನು ತೀರಿಕೊಂಡದ್ದು 1884ರಲ್ಲಿ. ಜೀನ್‌ಗಳನ್ನು ಹೊತ್ತ ಎಳೆಗಳೇ ವರ್ಣತಂತುಗಳು, ಈ ರೋಗದ ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಗಂಡಸಿಗೆ ಎಕ್ಸ್ ಒಂದೇ, ಅದು ಹೋಗುವುದು ಹೆಣ್ಣುಮಕ್ಕಳಿಗೆ. ಆದ್ದರಿಂದ ಅವನ ಮಗಳು ಆಲಿಸ್ ವಾಹಕಿಯೇ ಆಗಿರಬೇಕು, ಪರೀಕ್ಷೆ ಬೇಕಿಲ್ಲ. ಮಗ ಚಾರ್ಲ್ಸ್ ಎಡ್ವರ್ಡ್‌ಗೆ ತಂದೆಯಿಂದ ಬಂದದ್ದು ವೈ ವರ್ಣತಂತು, ಅವನು ಪಾರು. ಆಲಿಸ್‌ಳ ಮಗ ರೂಪರ್ಟ್ 1928ರಲ್ಲಿ ಕಾರು ಅಪಘಾತದ ನಂತರದ ರಕ್ತಸ್ರಾವದಿಂದ ಸತ್ತಾಗ ವೃಕ್ಷ ಹೇಳಿದ್ದು ನಿಜವಾಗಿತ್ತು. 'ತಾತನ ರೋಗ ಒಂದು ತಲೆಮಾರು ಹಾರಿ ಮೊಮ್ಮಗನಿಗೆ ಬಂತು' ಎನ್ನುತ್ತಾರಲ್ಲ, ಹಾರಿದ್ದೇನೂ ಇಲ್ಲ, ನಡುವೆ ಒಬ್ಬ ಮಗಳು ಹೊತ್ತಿದ್ದಳು.

ಸಿಕಲ್ ಸೆಲ್‌ನಲ್ಲಿ ಲೆಕ್ಕ ಬೇರೆ: ಎರಡೂ ಪ್ರತಿ ಬದಲಾಗಿದ್ದರಷ್ಟೇ ಕಾಯಿಲೆ. ತಂದೆತಾಯಿ ಇಬ್ಬರೂ ವಾಹಕರಾದರೆ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇದು ಪ್ರತಿ ಬಸಿರಿಗೂ ಹೊಸದಾಗಿ ಹಾಕುವ ಲೆಕ್ಕ. ಮೊದಲ ಮಗುವಿಗೆ ಬಂತು, ಇನ್ನು ಮೂವರಿಗೆ ಭಯವಿಲ್ಲ ಎಂಬ ಸಮಾಧಾನಕ್ಕೆ ಇಲ್ಲಿ ಆಧಾರವಿಲ್ಲ.

ಸಂಬಂಧದಲ್ಲಿ ಮದುವೆಯಾದವರ ನಡುವೆ ವೃಕ್ಷದಲ್ಲಿ ಜೋಡಿಗೆರೆ ಎಳೆಯುತ್ತಾರೆ. ಸೋದರಮಾವ ವಾಹಕನಾದರೆ ಅವನ ಅಕ್ಕನಲ್ಲೂ ಅದೇ ಪ್ರತಿ ಇರುವ ಸಾಧ್ಯತೆ ಅರ್ಧ, ಅಕ್ಕನ ಮಗಳಲ್ಲಿ ಇರುವುದು ಅದರರ್ಧ. 'ಸಂಬಂಧದಲ್ಲಿ ಕೊಟ್ಟಿದ್ದಕ್ಕೇ ಕಾಯಿಲೆ ಹುಟ್ಟಿತು' ಎಂಬ ಮಾತು ಇಲ್ಲಿಗೆ ಹೊಂದದು. ಬದಲಾದ ಪ್ರತಿ ಮೊದಲೇ ಮನೆಯಲ್ಲಿತ್ತು. ಆ ಮದುವೆಯಿಂದ ಒಂದೇ ಮಗುವಿನಲ್ಲಿ ಎರಡು ಸೇರುವ ಸಂಭವ ಹೆಚ್ಚಿತು.