ಎಪಿಸ್ಕೋಪಲ್ ಪ್ಯಾರಿಷ್‌ನಲ್ಲಿ ಯಾರು ಏನು: ರೆಕ್ಟರ್‌ನಿಂದ ಆರ್ಗನಿಸ್ಟ್‌ವರೆಗೆ

ಅಮೆರಿಕದ ಎಪಿಸ್ಕೋಪಲ್ ಚರ್ಚ್ ಬಗ್ಗೆ ಓದುವಾಗ ತಲೆ ತಿನ್ನುವುದು ಹುದ್ದೆಗಳ ಹೆಸರು. ರೆಕ್ಟರ್, ವಿಕರ್, ಪ್ರೀಸ್ಟ್-ಇನ್-ಚಾರ್ಜ್, ಕ್ಯುರೇಟ್, ಡೀಕನ್, ಡೀನ್. ಇವನ್ನೆಲ್ಲ ಒಂದರ ಮೇಲೊಂದು ಮೆಟ್ಟಿಲು ಅಂತ ಜೋಡಿಸಲು ಹೋದರೆ ಯಾವುದೂ ಕೂರುವುದಿಲ್ಲ. ಅರ್ಥವಾಗಲು ನನಗೆ ತುಂಬಾ ಹೊತ್ತು ಹಿಡಿದ ಭಾಗ ಇದು. ಅದಕ್ಕೇ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ.

ದೀಕ್ಷೆ ಬೇರೆ, ಹುದ್ದೆ ಬೇರೆ

ದೀಕ್ಷೆ ಮೂರೇ ಮೂರು: ಬಿಷಪ್, ಪ್ರೀಸ್ಟ್, ಡೀಕನ್. ಬಿಷಪ್ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಕೊಡುವಂಥದ್ದು ಇದು. ಊರು ಬಿಟ್ಟರೂ, ನಿವೃತ್ತರಾದರೂ ಪ್ರೀಸ್ಟ್ ಪ್ರೀಸ್ಟೇ. ಪ್ರೀಸ್ಟ್ ಆಗಬೇಕಾದವರು ಮೊದಲು ಡೀಕನ್ ಆಗಿರಲೇಬೇಕು, ಸಾಮಾನ್ಯವಾಗಿ ಕನಿಷ್ಠ 6 ತಿಂಗಳು. ಹೆಂಗಸರಿಗೆ ಪ್ರೀಸ್ಟ್ ದೀಕ್ಷೆ ಕೊಡಲು ಇಡೀ ಚರ್ಚ್‌ನ ನಿಯಮ ಮಾಡುವ ಮಹಾಸಭೆ 1976ರಲ್ಲಿ ಒಪ್ಪಿತು. ಅದಕ್ಕೂ ಎರಡು ವರ್ಷ ಮೊದಲೇ, 1974ರ ಜುಲೈ 29ರಂದು, ಫಿಲಡೆಲ್ಫಿಯಾದಲ್ಲಿ 11 ಮಂದಿ ಹೆಂಗಸರು ಒಪ್ಪಿಗೆಗೆ ಕಾಯದೆ ದೀಕ್ಷೆ ಪಡೆದಿದ್ದರು.

ಉಳಿದ ಹೆಸರುಗಳೆಲ್ಲ ಹುದ್ದೆಗಳು. ರೆಕ್ಟರ್, ವಿಕರ್, ಕ್ಯುರೇಟ್, ಮೂವರ ದೀಕ್ಷೆಯೂ ಸಾಮಾನ್ಯವಾಗಿ ಒಂದೇ: ಪ್ರೀಸ್ಟ್. ಹಾಗಾದರೆ ವ್ಯತ್ಯಾಸ ಎಲ್ಲಿ? ಎರಡು ಪ್ರಶ್ನೆ ಕೇಳಿ: ಇವರನ್ನು ಆರಿಸಿದ್ದು ಯಾರು? ಇವರನ್ನು ಕಳಿಸಲು ಯಾರಿಂದ ಆಗುತ್ತದೆ? ಈ ಎರಡಕ್ಕೆ ಉತ್ತರ ಸಿಕ್ಕರೆ ಹುದ್ದೆ ತಾನಾಗಿ ಗೊತ್ತಾಗುತ್ತದೆ.

ಪ್ಯಾರಿಷ್ ಅಂದರೆ ಒಂದು ಚರ್ಚ್‌ಗೆ ಸೇರಿದ ಭಕ್ತರ ಸಭೆ. ರೆಕ್ಟರ್ ಸ್ವಂತ ಕಾಲ ಮೇಲೆ ನಿಂತ ಪ್ಯಾರಿಷ್‌ನ ಮುಖ್ಯ ಪ್ರೀಸ್ಟ್. ಅವರನ್ನು ಆರಿಸುವುದು ವೆಸ್ಟ್ರಿ, ಅಂದರೆ ಸಭೆಯವರು ತಮ್ಮೊಳಗಿಂದ ಚುನಾಯಿಸಿದ ಆಡಳಿತ ಮಂಡಳಿ. ವೆಸ್ಟ್ರಿಯಲ್ಲಿ ಇಬ್ಬರು ವಾರ್ಡನ್‌ಗಳಿರುತ್ತಾರೆ. ಆರಿಸುವ ಮೊದಲು ಹೆಸರನ್ನು ಬಿಷಪ್‌ಗೆ ತಿಳಿಸಬೇಕು. ಇಲ್ಲಿವರೆಗೆ ಸುಲಭ.

ಎಡವುವುದು ಮುಂದಿನ ಹೆಜ್ಜೆಯಲ್ಲಿ. ಆರಿಸಿದ ವೆಸ್ಟ್ರಿಗೆ ರೆಕ್ಟರನ್ನು ತೆಗೆಯುವ ಅಧಿಕಾರ ಇಲ್ಲ! ರೆಕ್ಟರ್ ಒಪ್ಪದಿದ್ದರೆ ವೆಸ್ಟ್ರಿ ಬಿಷಪ್ ಹತ್ತಿರ ಹೋಗಬೇಕು, ಅಲ್ಲಿ ವಿಚಾರಣೆ ನಡೆಯಬೇಕು. ಅದೇ ರೀತಿ ವೆಸ್ಟ್ರಿಯ ಒಪ್ಪಿಗೆ ಇಲ್ಲದೆ ರೆಕ್ಟರೂ ಸುಮ್ನೆ ರಾಜೀನಾಮೆ ಕೊಟ್ಟು ಹೊರಡುವ ಹಾಗಿಲ್ಲ. ಗಂಡ-ಹೆಂಡತಿ ಸಂಬಂಧದ ಹಾಗೆ, ಕೂಡಿಕೊಂಡದ್ದು ಇಬ್ಬರೇ ಆದರೂ ಬಿಡಿಸಲು ಮೂರನೆಯವರು ಬೇಕು. ಅವಧಿ ಅಂತ ಇಲ್ಲ. 72 ತುಂಬಿದಾಗ ಮಾತ್ರ ಬಿಡಲೇಬೇಕು.

ನಮ್ಮ ಕಡೆಯವರಿಗೆ ಇದು ವಿಚಿತ್ರ ಅನಿಸುತ್ತದೆ. 1947ರಲ್ಲಿ ಹುಟ್ಟಿದ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಕೂಡ ಎಪಿಸ್ಕೋಪಲ್ ಚರ್ಚ್‌ನ ಹಾಗೆ ಆಂಗ್ಲಿಕನ್ ಬಳಗಕ್ಕೇ, ಅಂದರೆ ಇಂಗ್ಲೆಂಡಿನ ಚರ್ಚ್‌ನ ಬಳಗಕ್ಕೇ ಸೇರಿದ್ದು, ಅಲ್ವಾ? ಆದರೆ ಇಲ್ಲಿ ಸಭಾಪಾಲಕರನ್ನು ಡಯಾಸಿಸ್ (ಒಬ್ಬ ಬಿಷಪ್‌ನ ಆಡಳಿತ ವಲಯ) ಕಳಿಸುತ್ತದೆ, ಕೆಲವು ವರ್ಷ ಆದಮೇಲೆ ವರ್ಗ ಮಾಡುತ್ತದೆ. ಎಪಿಸ್ಕೋಪಲ್ ರೆಕ್ಟರ್‌ಗೆ ವರ್ಗಾವಣೆ ಅನ್ನುವುದೇ ಇಲ್ಲ. ಸಿ.ಎಸ್.ಐ. ಲೆಕ್ಕ ತಲೆಯಲ್ಲಿಟ್ಟುಕೊಂಡು ಓದಿದರೆ ವೆಸ್ಟ್ರಿ ಯಾಕಿದೆ ಅನ್ನುವುದೇ ಗೊತ್ತಾಗುವುದಿಲ್ಲ.

ಈಗ ಉಳಿದವು ಬೇಗ ಮುಗಿಯುತ್ತವೆ. ವಿಕರ್: ಇನ್ನೂ ಸ್ವಂತ ಕಾಲ ಮೇಲೆ ನಿಲ್ಲದ ಮಿಷನ್ ಸಭೆಯಲ್ಲಿ ಬಿಷಪ್ ನೇಮಿಸಿದವರು. ಪ್ರೀಸ್ಟ್-ಇನ್-ಚಾರ್ಜ್: ರೆಕ್ಟರ್ ಇಲ್ಲದಾಗ, ವೆಸ್ಟ್ರಿ ಜೊತೆ ಮಾತಾಡಿ ಬಿಷಪ್ ನೇಮಿಸಿದವರು. ಕ್ಯುರೇಟ್: ಹೊಸದಾಗಿ ದೀಕ್ಷೆ ಪಡೆದು ರೆಕ್ಟರ್ ಕೈಕೆಳಗೆ ಕೆಲಸ ಕಲಿಯುವವರು. ಡೀನ್: ಕ್ಯಾಥೆಡ್ರಲ್‌ನ, ಅಂದರೆ ಬಿಷಪ್ ಪೀಠ ಇರುವ ಚರ್ಚ್‌ನ ಮುಖ್ಯಸ್ಥರು.

ಡೀಕನ್ ಅಂದರೆ ಅರ್ಧ ಪ್ರೀಸ್ಟ್ ಅಲ್ಲ

ಕೆಲವರು ಪ್ರೀಸ್ಟ್ ಆಗುವ ದಾರಿಯಲ್ಲಿ ಡೀಕನ್ ಆಗುತ್ತಾರೆ. ಇನ್ನು ಕೆಲವರು ಜೀವನವಿಡೀ ಡೀಕನ್ ಆಗಿಯೇ ಇರುತ್ತಾರೆ. ಇವರಲ್ಲಿ ಎಷ್ಟೋ ಮಂದಿ ಹೊಟ್ಟೆಪಾಡಿಗೆ ಬೇರೆ ಕೆಲಸ ಮಾಡುತ್ತಾ ಚರ್ಚ್‌ನಿಂದ ಸಂಬಳ ಪಡೆಯದೆ ಸೇವೆ ಮಾಡುವವರು. ಡೀಕನ್ ನೇರವಾಗಿ ಬಿಷಪ್ ಅಧೀನ. ಗುರುತಿಸುವುದು ಸುಲಭ: ಪ್ರೀಸ್ಟ್ ಸ್ಟೋಲ್ (ಪೂಜೆಯಲ್ಲಿ ಹಾಕುವ ಉದ್ದನೆಯ ಬಟ್ಟೆ ಪಟ್ಟಿ) ಕೊರಳಿನ ಎರಡೂ ಕಡೆ ಇಳಿಬಿದ್ದಿರುತ್ತದೆ, ಡೀಕನ್ ಸ್ಟೋಲ್ ಎಡ ಹೆಗಲಿನಿಂದ ಓರೆಯಾಗಿ ಬಲ ಸೊಂಟಕ್ಕೆ ಬರುತ್ತದೆ. ಸುವಾರ್ತೆ ಓದುವುದು, ಬಲಿಪೀಠದ ಮೇಲೆ ರೊಟ್ಟಿ-ದ್ರಾಕ್ಷಾರಸ ಅಣಿಮಾಡುವುದು, ಕೊನೆಯಲ್ಲಿ ಜನರನ್ನು ಕಳಿಸಿಕೊಡುವ ಮಾತು ಹೇಳುವುದು ಡೀಕನ್ ಕೆಲಸ. ರೊಟ್ಟಿ-ದ್ರಾಕ್ಷಾರಸವನ್ನು ಪ್ರತಿಷ್ಠಿಸುವುದು, ಪಾಪಕ್ಷಮೆ ಘೋಷಿಸುವುದು ಅವರಿಗಿಲ್ಲ.

ಹಾಡು ಯಾರ ಕೈಯಲ್ಲಿ?

ಸಂಗೀತಗಾರರಿಗೆ ದೀಕ್ಷೆ ಬೇಕಿಲ್ಲ. ಆರ್ಗನ್ ನುಡಿಸುವುದು, ಗಾಯಕ ವೃಂದ ನಡೆಸುವುದು ಎರಡನ್ನೂ ಹೆಚ್ಚಾಗಿ ಒಬ್ಬರೇ ಮಾಡುತ್ತಾರೆ. ಅವರೇ ಆರ್ಗನಿಸ್ಟ್ ಮತ್ತು ಕ್ವಾಯರ್‌ಮಾಸ್ಟರ್. ವೃಂದದಲ್ಲಿ ಹೆಚ್ಚಿನವರು ಸ್ವಂತ ಇಷ್ಟದಿಂದ ಬಂದವರು. ದೊಡ್ಡ ಪ್ಯಾರಿಷ್‌ಗಳಲ್ಲಿ ಪ್ರತಿ ಧ್ವನಿಗೂ ಸಂಬಳದ ಒಬ್ಬೊಬ್ಬ ಗಾಯಕರನ್ನು ಇಟ್ಟುಕೊಳ್ಳುವುದೂ ಉಂಟು.

ಚರ್ಚ್‌ನ ನಿಯಮಾವಳಿ ಸಂಗೀತದ ವಿಷಯದಲ್ಲಿ ಎರಡು ಮಾತು ಹೇಳುತ್ತದೆ. ಕೊನೆಯ ತೀರ್ಮಾನ ಪಾದ್ರಿಗಳದ್ದು. ಆದರೆ ಅವರು ಸಂಗೀತ ಬಲ್ಲವರ ಸಹಾಯ ಪಡೆಯಬೇಕು. ಮೊದಲನೆಯದನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ, ಎರಡನೆಯದನ್ನು ಬಿಟ್ಟುಬಿಡುತ್ತಾರೆ. ನನಗೆ ಎರಡನೆಯದೇ ಮುಖ್ಯ ಅನಿಸುತ್ತದೆ. 1982ರ ಕೀರ್ತನೆ ಪುಸ್ತಕದಲ್ಲಿ 720 ಹಾಡುಗಳಿವೆ. ಆ ಭಾನುವಾರದ ಬೈಬಲ್ ಪಾಠಗಳಿಗೆ ಯಾವುದು ಹೊಂದುತ್ತದೆ, ಸಭೆಯವರಿಗೆ ಯಾವ ರಾಗ ಬರುತ್ತದೆ ಅನ್ನುವುದು ಆರ್ಗನಿಸ್ಟ್‌ಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದು ಕಷ್ಟ. ಪ್ರಭುಭೋಜನಕ್ಕೆ, ಅಂದರೆ ಆ ರೊಟ್ಟಿ-ದ್ರಾಕ್ಷಾರಸ ಪಡೆಯಲು ನಿಲ್ಲುವವರ ಸಾಲು ಎಷ್ಟು ಉದ್ದ ಇರುತ್ತದೆ ಅಂತ ಮೊದಲೇ ಹೇಳಲಾಗುವುದಿಲ್ಲ. ಹಾಡು ಮುಗಿದರೂ ಸಾಲು ಮುಗಿದಿರದಿದ್ದರೆ, ಕೊನೆಯವರು ಪೀಠಕ್ಕೆ ಬರುವವರೆಗೆ ಆರ್ಗನಿಸ್ಟ್ ಅದೇ ರಾಗವನ್ನು ಮನೋಧರ್ಮದಿಂದ ಬೆಳೆಸುತ್ತಾ ಹೋಗಬೇಕು.

ಈ ನಿಯಮ ನಡೆಯಲ್ಲಿ ಹೇಗಿರುತ್ತದೆ ಅನ್ನುವುದಕ್ಕೆ ನ್ಯೂಯಾರ್ಕ್‌ನ ಸೇಂಟ್ ಜಾರ್ಜ್ ಚರ್ಚ್ ಒಳ್ಳೆಯ ಉದಾಹರಣೆ. 1894ರಲ್ಲಿ ರೆಕ್ಟರ್ ವಿಲಿಯಂ ರೇನ್ಸ್‌ಫರ್ಡ್ ಅವರ ಕಾಲದಲ್ಲಿ ಹ್ಯಾರಿ ಬರ್ಲಿ ಅಲ್ಲಿ ಬ್ಯಾರಿಟೋನ್ (ಗಂಡಸರ ಮಧ್ಯಮ ಧ್ವನಿ) ಗಾಯಕರಾಗಿ ಸೇರಿದರು. ಬಿಳಿಯರ ಶ್ರೀಮಂತ ಸಭೆ, ಕಪ್ಪು ಗಾಯಕ. ಸಭೆಯೊಳಗೆ ವಿರೋಧ ಎದ್ದಿತು. ರೇನ್ಸ್‌ಫರ್ಡ್ ಮಣಿಯಲಿಲ್ಲ. ಪ್ಯಾರಿಷ್‌ನ ದೊಡ್ಡ ಕುಳ, ಬ್ಯಾಂಕರ್ ಜೆ.ಪಿ. ಮಾರ್ಗನ್, ಬರ್ಲಿಯವರ ಪರ ನಿಂತರು. ರೇನ್ಸ್‌ಫರ್ಡ್ 1906ರಲ್ಲಿ ಹುದ್ದೆ ಬಿಟ್ಟರು. ಬರ್ಲಿ 1946ರವರೆಗೆ, ಅಂದರೆ 52 ವರ್ಷ, ಅಲ್ಲೇ ಹಾಡಿದರು. ಈಸ್ಟರ್‌ಗೆ ಹಿಂದಿನ ಗರಿಗಳ ಭಾನುವಾರ ಅವರ ಹಾಡು ಕೇಳಲೆಂದೇ ಜನ ಬರುತ್ತಿದ್ದರು. ನಿಯಮದಲ್ಲಿ ಭದ್ರತೆ ಇರುವುದು ರೆಕ್ಟರ್‌ಗೆ. ಇಲ್ಲಿ ರೆಕ್ಟರ್ ಹೋದಮೇಲೂ 40 ವರ್ಷ ಉಳಿದದ್ದು ಗಾಯಕ.