ಪದ ಪರಿಚಯ: ಚೈಲ್ಡ್ ರಿಸ್ಟ್ರೇಂಟ್ ಸಿಸ್ಟಮ್

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯಲ್ಲಿ 194ಬಿ ಎಂಬ ಸೆಕ್ಷನ್ ಇದೆ. 14 ವರ್ಷ ತುಂಬದ ಮಗುವನ್ನು ಸೀಟ್ ಬೆಲ್ಟಿನಿಂದಾಗಲಿ ‘ಚೈಲ್ಡ್ ರಿಸ್ಟ್ರೇಂಟ್ ಸಿಸ್ಟಮ್’ನಿಂದಾಗಲಿ (ವಾಹನದಲ್ಲಿ ಮಗುವನ್ನು ಭದ್ರವಾಗಿ ಹಿಡಿಯುವ ಆಸನ, ಪಟ್ಟಿಗಳ ವ್ಯವಸ್ಥೆ) ಭದ್ರಪಡಿಸದೆ ವಾಹನ ಓಡಿಸಿದವರಿಗೆ ಮತ್ತು ಓಡಿಸಲು ಬಿಟ್ಟವರಿಗೆ 1,000 ರೂಪಾಯಿ ದಂಡ ವಿಧಿಸಬಹುದೆಂದು ಅದು ಹೇಳುತ್ತದೆ. ನಮ್ಮ ಮಂಗಳೂರು, ಉಡುಪಿಯಲ್ಲಿ ಈ ಪದವನ್ನು ‘ಬೇಬಿ ಸೀಟು’ ಎಂಬ ಹೆಸರಿನಲ್ಲಿ, ಸ್ವಂತ ಕಾರಿದ್ದವರು ಕೈಗೂಸಿಗಾಗಿ ಕೊಳ್ಳುವ ವಸ್ತು ಎಂಬ ಅರ್ಥದಲ್ಲಿ ಕೇಳಿದವರೇ ಹೆಚ್ಚು. ಆದರೆ ದಿನಕ್ಕೆ ಎರಡು ಸಲ ಶಾಲೆಯ ವ್ಯಾನಿನಲ್ಲಿ ಕುಳಿತು ಪಂಪ್‌ವೆಲ್ಲನ್ನೋ ಸಂತೆಕಟ್ಟೆಯನ್ನೋ ದಾಟುವ, ತನ್ನ ಕತ್ತನ್ನು ತಾನೇ ನೇರವಾಗಿ ಹಿಡಿಯಲಾರದ ಮಗುವಿಗೆ ಈ ವ್ಯವಸ್ಥೆ ಬೇರೆಲ್ಲರಿಗಿಂತ ಹೆಚ್ಚು ಅಗತ್ಯ. ಆ ಮಗುವನ್ನು ಕಣ್ಣ ಮುಂದಿಟ್ಟುಕೊಂಡೇ ಈ ಪದದ ಅರ್ಥವನ್ನು ನೋಡಬೇಕೆಂದು ನನಗೆ ಅನ್ನಿಸುತ್ತದೆ.

‘ರಿಸ್ಟ್ರೇಂಟ್’ ಎಂದರೆ ತಡೆ, ನಿರ್ಬಂಧ. ಹಟ ಮಾಡುವ ಅಥವಾ ಓಡಿಹೋಗುವ ಮಗುವನ್ನು ಕಟ್ಟಿಹಾಕಿದ್ದನ್ನು ಕಂಡು ನೊಂದ ತಂದೆತಾಯಿಯರಿಗೆ ಈ ಮಾತು ಕಿವಿಗೆ ಬಿದ್ದ ಕೂಡಲೇ ಹಿಂಜರಿಕೆಯಾಗುವುದು ಸಹಜ. ವಾಹನ ಸುರಕ್ಷತೆಯಲ್ಲಿ ಅದರ ಅರ್ಥ ಬೇರೆಯೇ ಆಗಿದೆ. ಓಡುತ್ತಿರುವ ವಾಹನ ಹಠಾತ್ತನೆ ನಿಂತಾಗ ಒಳಗಿರುವ ದೇಹ ಅದೇ ವೇಗದಲ್ಲಿ ಮುಂದಕ್ಕೆ ಸಾಗುತ್ತದೆ. ಮುಂದಿನ ಸೀಟಿನ ಕಬ್ಬಿಣದ ಸರಳೋ ಗಾಜೋ ಅದನ್ನು ತಡೆಯುವ ಮೊದಲೇ ಪಟ್ಟಿಗಳು ತಡೆಯಬೇಕು, ಆ ಬಲವನ್ನು ಹೊಟ್ಟೆಯ ಮೃದುಭಾಗದ ಮೇಲೆ ಹೇರದೆ ಭುಜ ಮತ್ತು ಸೊಂಟದ ಗಟ್ಟಿ ಎಲುಬುಗಳಿಗೆ ಹಂಚಬೇಕು. ಒಂದು ಲೆಕ್ಕ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿರುವ 20 ಕಿಲೋ ತೂಕದ ಮಗುವನ್ನು ಅರ್ಧ ಮೀಟರಿನೊಳಗೆ ನಿಲ್ಲಿಸಬೇಕಾದರೆ ಸುಮಾರು 250 ಕಿಲೋ ಭಾರವನ್ನು ಎತ್ತಿಹಿಡಿಯುವಷ್ಟು ಬಲ ಬೇಕು. ಯಾವ ತಾಯಿಯ ತೋಳಿನಲ್ಲಿಯೂ ಅಷ್ಟು ಶಕ್ತಿಯಿಲ್ಲ.

ಕುಲಶೇಖರದ ಬಳಿ ಒಂದು ಬೆಳಿಗ್ಗೆ ನಾನು ಕಂಡ ವ್ಯಾನಿನಲ್ಲಿ ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಸ್ನಾಯುಗಳ ಮೇಲೆ ಹಿಡಿತ ತಪ್ಪುವ ಸ್ಥಿತಿ) ಇರುವ, ಎಂಟು ವರ್ಷದ ಹುಡುಗಿಯೊಬ್ಬಳಿದ್ದಳು. ಆಯಾ ತನ್ನ ಬೈರಾಸನ್ನು (ಟವೆಲನ್ನು) ಅವಳ ಹೊಟ್ಟೆಯ ಸುತ್ತ ತಂದು ಸೀಟಿನ ಬೆನ್ನ ಹಿಂದೆ ಎರಡು ಗಂಟು ಹಾಕಿದರು. ಮಗುವಿನ ಬಾಯಿಂದ ಇಳಿದ ಜೊಲ್ಲನ್ನು ಸೆರಗಿನಿಂದ ಒರೆಸಿ, ಕೆಳಗೆ ನಿಂತಿದ್ದ ತಾಯಿಗೆ, “ಬೀಳ್ಲಿಕ್ಕಿಲ್ಲ ಅಕ್ಕ, ನಾನು ಹಿಡ್ಕೊಳ್ತೇನೆ” ಎಂದರು. ಆ ಕೈಯಲ್ಲಿದ್ದ ಅಕ್ಕರೆ ನಿಜವಾದದ್ದು. ಆದರೆ ಬೈರಾಸು ಬಿಗಿದದ್ದು ಹೊಟ್ಟೆಯ ಮೆತ್ತನೆಯ ಭಾಗದಲ್ಲಿ. ಭುಜಗಳಿಗೆ ಏನೂ ಇರಲಿಲ್ಲ. ಜೋರಾಗಿ ಬ್ರೇಕ್ ಹಾಕಿದರೆ ಮಗು ಬಟ್ಟೆಯ ಮೇಲೆ ಮಡಿಚಿಕೊಳ್ಳುತ್ತದೆ, ತಲೆ ಮುಂದಿನ ಸೀಟಿಗೆ ಬಡಿಯುತ್ತದೆ.

ಇಲ್ಲಿ ಬಹಳ ಮಂದಿ ತಪ್ಪು ತಿಳಿಯುವ ಒಂದು ವ್ಯತ್ಯಾಸವಿದೆ. ಥೆರಪಿ ಕುರ್ಚಿಗೆ ಮತ್ತು ಗಾಲಿಕುರ್ಚಿಗೆ ಎದೆಪಟ್ಟಿ, ಸೊಂಟಪಟ್ಟಿ ಇರುತ್ತವೆ. ಅವು ಮಗು ಪಕ್ಕಕ್ಕೆ ವಾಲದಂತೆ, ಮುಂದಕ್ಕೆ ಜಾರದಂತೆ ಕುಳಿತ ಭಂಗಿಯನ್ನು ಕಾಪಾಡಲು ಹೊಲಿದ ಪಟ್ಟಿಗಳು. ಊಟಕ್ಕೆ, ಪಾಠಕ್ಕೆ ಅವು ಸಾಕು. ಅಪಘಾತದ ಎಳೆತಕ್ಕೆ ಅವುಗಳ ಹೊಲಿಗೆ ಬಿಚ್ಚಿಹೋಗಬಹುದು, ವೆಲ್ಕ್ರೋ ಕಿತ್ತು ಬರಬಹುದು. ಭಂಗಿಯ ಪಟ್ಟಿ ಕಟ್ಟಿದ್ದೇವೆ ಎಂಬ ಸಮಾಧಾನದಲ್ಲಿ ಸುರಕ್ಷಾ ಪಟ್ಟಿಯನ್ನು ಬಿಟ್ಟುಬಿಡುವುದು ಏನೂ ಕಟ್ಟದಿರುವುದಕ್ಕಿಂತ ಹೆಚ್ಚು ಮೋಸದ್ದು, ಏಕೆಂದರೆ ನೋಡುವವರಿಗೆ ಎಲ್ಲವೂ ಸರಿಯಾಗಿದೆ ಎಂದೇ ಕಾಣುತ್ತದೆ. ಎರಡೂ ಬೇಕು, ಒಂದರ ಬದಲಿಗೆ ಇನ್ನೊಂದು ಆಗದು.

ಮಕ್ಕಳ ಆಸನಗಳನ್ನು ಸಾಮಾನ್ಯವಾಗಿ ಮೂರು ಹಂತಗಳಲ್ಲಿ ಹೇಳುತ್ತಾರೆ: ವಾಹನದ ಹಿಂಭಾಗಕ್ಕೆ ಮುಖ ಮಾಡಿ ಕೂರಿಸುವ ಶಿಶು ಆಸನ; ಎರಡು ಭುಜ, ಸೊಂಟದ ಎರಡು ಬದಿ ಮತ್ತು ಕಾಲುಗಳ ನಡುವೆ ಹಾದುಬರುವ ಐದು ಪಟ್ಟಿಗಳ ಆಸನ; ದೊಡ್ಡ ಮಕ್ಕಳಿಗೆ ಬೂಸ್ಟರ್. ಭಾರತದಲ್ಲಿ ಇವುಗಳ ಮಾನದಂಡ ಎಐಎಸ್ 072. ಯುರೋಪಿನಲ್ಲಿ ಬಳಕೆಯಲ್ಲಿರುವ ವಿಶ್ವಸಂಸ್ಥೆಯ ಆರ್129 ನಿಯಮದ ಪ್ರಕಾರ ಕನಿಷ್ಠ 15 ತಿಂಗಳವರೆಗೆ ಮಗುವನ್ನು ಹಿಮ್ಮುಖವಾಗಿಯೇ ಕೂರಿಸಬೇಕು. ಅಂಗವೈಕಲ್ಯವಿರುವ ಮಗುವಿಗೆ ಆಸನ ಆರಿಸುವಾಗ ಮಾತ್ರ ವಯಸ್ಸಿನ ಲೆಕ್ಕ ಹೆಚ್ಚು ಉಪಯೋಗಕ್ಕೆ ಬಾರದು. ಬೂಸ್ಟರ್ ಮಗುವನ್ನು ಎತ್ತರಕ್ಕೆ ಏರಿಸುತ್ತದೆಯೇ ಹೊರತು ನೆಟ್ಟಗೆ ಹಿಡಿಯುವುದಿಲ್ಲ; ತಾನಾಗಿ ನೆಟ್ಟಗೆ ಕೂರಬಲ್ಲ ಮಗುವಿಗೆ ಮಾತ್ರ ಅದು ಸರಿ. ಆದ್ದರಿಂದ ಹತ್ತು ವರ್ಷದ, ಬೆನ್ನಿನಲ್ಲಿ ಬಲವಿಲ್ಲದ ಮಗುವಿಗೆ ಐದು ಪಟ್ಟಿಗಳ ದೊಡ್ಡ ಅಳತೆಯ ವಿಶೇಷ ಆಸನವೇ ಬೇಕಾದೀತು. ಕತ್ತು ನಿಲ್ಲದ ಮಗುವಿನ ತಲೆ ಎದೆಯ ಮೇಲೆ ಜೋತುಬಿದ್ದರೆ ಉಸಿರಿನ ದಾರಿ ಮುಚ್ಚಬಹುದು, ಹಾಗಾಗಿ ತಯಾರಕರು ಅನುಮತಿಸಿದಷ್ಟು ಆಸನವನ್ನು ಹಿಂದಕ್ಕೆ ಒರಗಿಸಬೇಕು. ಮನೆಯ ದಿಂಬನ್ನು ಬೆನ್ನ ಹಿಂದೆ ಅಥವಾ ಪಟ್ಟಿಯ ಕೆಳಗೆ ತುರುಕಬಾರದು. ಡಿಕ್ಕಿಯಾದಾಗ ದಿಂಬು ಅದುಮಿಹೋಗಿ ಪಟ್ಟಿ ಸಡಿಲವಾಗುತ್ತದೆ. ನಮ್ಮ ಜೂನ್, ಜುಲೈ ಮಳೆಯಲ್ಲಿ ದಪ್ಪ ರೈನ್‌ಕೋಟಿನ ಮೇಲೆಯೇ ಪಟ್ಟಿ ಹಾಕಿದರೂ ಆಗುವುದು ಇದೇ. ಕೋಟನ್ನು ಬಿಚ್ಚಿ, ಪಟ್ಟಿ ಬಿಗಿದು, ಭುಜದ ಬಳಿ ಪಟ್ಟಿಯನ್ನು ಎರಡು ಬೆರಳುಗಳ ನಡುವೆ ಚಿವುಟಿ ನೋಡಬೇಕು. ಮಡಿಕೆ ಕೈಗೆ ಸಿಕ್ಕಿದರೆ ಇನ್ನೂ ಬಿಗಿಯಬೇಕು ಎಂದರ್ಥ.

ಗಾಲಿಕುರ್ಚಿಯಲ್ಲಿ ಕುಳಿತೇ ಪ್ರಯಾಣಿಸುವ ಮಗುವಿನ ವಿಷಯದಲ್ಲಿ ವ್ಯವಸ್ಥೆ ಎರಡು ಪಾಲಾಗುತ್ತದೆ. ಕುರ್ಚಿಯನ್ನು ವಾಹನದ ನೆಲಕ್ಕೆ ಮುಂದೆ ಎರಡು, ಹಿಂದೆ ಎರಡು, ಹೀಗೆ ನಾಲ್ಕು ಪಟ್ಟಿಗಳಿಂದ ಬಿಗಿಯುವುದು ಒಂದು. ಮಗುವನ್ನು ಸೊಂಟ ಮತ್ತು ಭುಜದ ಬೆಲ್ಟಿನಿಂದ ಬೇರೆಯಾಗಿ ಬಿಗಿಯುವುದು ಇನ್ನೊಂದು. ಮಗುವನ್ನೂ ಕುರ್ಚಿಯನ್ನೂ ಸೇರಿಸಿ ಒಂದೇ ಪಟ್ಟಿ ಸುತ್ತಿದರೆ ಕುರ್ಚಿಯ ಭಾರವೆಲ್ಲ ಮಗುವಿನ ಮೇಲೆ ಬೀಳುತ್ತದೆ. ಕುರ್ಚಿ ಮುಂದಕ್ಕೆ ಮುಖ ಮಾಡಿರಬೇಕು, ಅಡ್ಡವಾಗಿ ನಿಲ್ಲಿಸಬಾರದು. ಮುಂದಿನ ಟ್ರೇಯನ್ನು ಕಳಚಿ ಬೇರೆ ಕಟ್ಟಿಡಬೇಕು. ಇಂತಹ ಪಟ್ಟಿಗಳಿಗೆ ಐಎಸ್ಒ 10542, ವಾಹನದಲ್ಲಿ ಆಸನವಾಗಿ ಬಳಸುವ ಗಾಲಿಕುರ್ಚಿಗಳಿಗೆ ಐಎಸ್ಒ 7176ರ 19ನೆಯ ಭಾಗ ಎಂಬ ಅಂತರರಾಷ್ಟ್ರೀಯ ಮಾನದಂಡಗಳಿವೆ, ಗಂಟೆಗೆ 48 ಕಿಲೋಮೀಟರ್ ವೇಗದ ಡಿಕ್ಕಿಗೆ ಸಮನಾದ ಪರೀಕ್ಷೆಯೂ ಇದೆ. ಕುರ್ಚಿಯ ಮೇಲೆ ಅಂತಹ ಗುರುತಿಲ್ಲದಿದ್ದರೆ, ಮತ್ತು ಮಗುವನ್ನು ಎತ್ತಿ ಕೂರಿಸಲು ಸಾಧ್ಯವಿದ್ದರೆ, ವಾಹನದ ಸೀಟಿಗೆ ಬಿಗಿದ ಆಸನವೇ ಒಳ್ಳೆಯದು. ಖಾಲಿ ಕುರ್ಚಿಯನ್ನೂ ಕಟ್ಟಿಡಲೇಬೇಕು, ಇಲ್ಲವಾದರೆ ಅದೇ ಹಾರಿಬಂದು ಹೊಡೆಯುತ್ತದೆ.

ಆಸನ ಕೊಳ್ಳುವ ಮೊದಲು ವ್ಯಾನನ್ನು ನೋಡುವುದು ಲೇಸು. ಎದುರುಬದುರಾಗಿ ಉದ್ದ ಬೆಂಚು ಹಾಕಿದ ವ್ಯಾನಿನಲ್ಲಿ ಯಾವ ಆಸನವನ್ನೂ ಸರಿಯಾಗಿ ಬಿಗಿಯಲಾಗದು. ಸೊಂಟದ ಬೆಲ್ಟ್ ಮಾತ್ರ ಇರುವ ಸೀಟಿಗೆ ಕೆಲವು ಮಾದರಿಗಳಷ್ಟೇ ಹೊಂದುತ್ತವೆ. ಇದನ್ನು ಶಾಲೆಯವರೊಡನೆ ಕುಳಿತು ಮಾತನಾಡಲು ಪೋಷಕರು ಸಂಕೋಚಪಡಬೇಕಾಗಿಲ್ಲ: 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 16ನೆಯ ಸೆಕ್ಷನ್ ಇಂತಹ ಮಕ್ಕಳಿಗೂ, ಹೆಚ್ಚಿನ ನೆರವು ಬೇಕಾದ ಮಕ್ಕಳ ಸಹಾಯಕರಿಗೂ ಸಾರಿಗೆ ಸೌಲಭ್ಯ ಒದಗಿಸುವುದನ್ನು ಶಿಕ್ಷಣ ಸಂಸ್ಥೆಗಳ ಕರ್ತವ್ಯಗಳಲ್ಲಿ ಸೇರಿಸಿದೆ. ಮಗುವಿನ ಫಿಸಿಯೋಥೆರಪಿಸ್ಟ್ ಅಥವಾ ಆಕ್ಯುಪೇಷನಲ್ ಥೆರಪಿಸ್ಟನ್ನು ಒಮ್ಮೆ ವ್ಯಾನಿನ ಬಳಿಗೇ ಕರೆತಂದು, ಪಟ್ಟಿಗಳನ್ನು ಎಷ್ಟು ಬಿಗಿಯಬೇಕು, ಫಿಟ್ಸ್ ಬಂದರೆ ಏನು ಮಾಡಬೇಕು, ಬೆಲ್ಟನ್ನು ತಾನೇ ಬಿಚ್ಚಿಕೊಳ್ಳುವ ಆಟಿಸಂ ಇರುವ ಮಗು ಯಾರ ಪಕ್ಕದಲ್ಲಿ ಕೂರಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆಸಿ ವ್ಯಾನಿನಲ್ಲಿಯೇ ಇಟ್ಟರೆ, ಆಯಾ ಬದಲಾದ ದಿನವೂ ಮಗುವಿಗೆ ತೊಂದರೆಯಾಗದು. ಅಮೆರಿಕದಲ್ಲಿ ಸಾರಿಗೆಯನ್ನು ಮಗುವಿನ ವೈಯಕ್ತಿಕ ಶಿಕ್ಷಣ ಯೋಜನೆಯಲ್ಲಿಯೇ ಬರೆಯುವ ಪದ್ಧತಿ ಇದೆ.

ಕರಾವಳಿಯ ತೇವದಲ್ಲಿ ಪಟ್ಟಿಗೆ ಬೂಷ್ಟು ಹಿಡಿಯುತ್ತದೆ. ಬ್ಲೀಚ್ ಹಾಕಿ ಉಜ್ಜಿದರೆ ನೂಲಿನ ಬಲ ಕುಗ್ಗುತ್ತದೆ, ಸಾದಾ ಸೋಪಿನ ನೀರಿನಲ್ಲಿ ಒರೆಸಿ ನೆರಳಿನಲ್ಲಿ ಒಣಗಿಸಬೇಕು. ದೊಡ್ಡ ಡಿಕ್ಕಿಯೊಂದನ್ನು ಕಂಡ ಆಸನವನ್ನು, ಹೊರಗೆ ಏನೂ ಕಾಣದಿದ್ದರೂ, ಮತ್ತೆ ಬಳಸಬಾರದು.

ಬಿಗಿಯಲು ಕಲಿತಷ್ಟೇ ಚೆನ್ನಾಗಿ ಬಿಚ್ಚಲೂ ಕಲಿಯಬೇಕು. ವ್ಯಾನಿನಲ್ಲಿ ಹೊಗೆ ಕಂಡರೆ, ತೋಡಿನ ನೀರು ರಸ್ತೆಗೆ ಏರಿ ಒಳಗೆ ನುಗ್ಗಿದರೆ, ಆಯಾ ಮತ್ತು ಚಾಲಕ ಮಕ್ಕಳನ್ನು ಒಬ್ಬೊಬ್ಬರಾಗಿ ಹೊರಗೆ ತರಬೇಕು. ಶಾಲೆ ಶುರುವಾಗುವ ವಾರದಲ್ಲಿ ಇಬ್ಬರೂ ಪ್ರತಿ ಮಗುವಿನ ಬಕಲನ್ನು ಎರಡು ಸಲ ಕಣ್ಣು ಮುಚ್ಚಿಕೊಂಡು ತೆಗೆದು ನೋಡಲಿ. ಬೆಲ್ಟ್ ಕತ್ತರಿಸುವ ಸಣ್ಣ ಉಪಕರಣ ಟೂಲ್ ಬಾಕ್ಸಿನ ತಳದಲ್ಲಿ ಬಿದ್ದಿರದೆ, ಆಯಾ ಕುಳಿತಲ್ಲಿಂದಲೇ ಕೈಗೆಟಕುವಂತೆ ತೂಗುಹಾಕಿರಲಿ.