ಹಳೆ ಬಂಗಲೆಯ ಗೋಡೆಗೆ ಸಿಮೆಂಟ್ ಬೇಡ

ಬೆಂಗಳೂರಿನ ದಂಡು ಪ್ರದೇಶದಲ್ಲಿ ವಿಕ್ಟೋರಿಯಾ ರಾಣಿಯ ಕಾಲದ ಬಂಗಲೆಗಳು ಅಲ್ಲೊಂದು ಇಲ್ಲೊಂದು ಉಳಿದಿವೆ. ಮುಂದೆ ಪೋರ್ಟಿಕೊ, ಕಿಟಕಿಯ ಮೇಲೆ ಮರದ ಪಟ್ಟಿಯ ಮಂಕಿ ಟಾಪ್, ಎತ್ತರದ ಚಾವಣಿ. ಇಂಥ ಮನೆಯವರು ದುರಸ್ತಿಗೆ ನನ್ನನ್ನು ಕರೆಸಿದಾಗ ಮೊದಲು ಹೇಳೋದು ಒಂದೇ ಮಾತು: "ಗೋಡೆ ತೇವ ಹಿಡಿದಿದೆ ಸರ್, ಸಿಮೆಂಟ್ ಹಾಕಿ ಗಟ್ಟಿ ಮಾಡಿಬಿಡಿ."

ಬೇಡ. ಎಷ್ಟು ಸಲ ಹೇಳಿದರೂ ಇದೊಂದು ಮಾತು ತಲೆಗೆ ಹೋಗೋದಿಲ್ಲ. ಭಾರತದಲ್ಲಿ ಸಿಮೆಂಟ್ ತಯಾರಿಕೆ ಕಾಲೂರಿದ್ದೇ 1914ರ ಸುಮಾರಿಗೆ. ರಾಣಿ ತೀರಿಕೊಂಡ 1901ಕ್ಕೆ ಮುಂಚಿನ ಮನೆ ನಿಂತಿರೋದು ಇಟ್ಟಿಗೆ, ಸುಣ್ಣದ ಗಾರೆಯ ಮೇಲೆ. ಅಂಥ ಗೋಡೆಗೆ ಬುಡದಲ್ಲಿ ತೇವ ತಡೆಯುವ ಪದರ ಸಾಮಾನ್ಯವಾಗಿ ಇರೋದಿಲ್ಲ. ನೆಲದ ನೀರು ಮೇಲೇರುತ್ತದೆ, ಸುಣ್ಣದ ಮೂಲಕ ಆವಿಯಾಗಿ ಹೋಗುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿದರೆ ನೀರಿಗೆ ಹೊರದಾರಿ ಇಲ್ಲ. ಇನ್ನೂ ಮೇಲಕ್ಕೆ ಹತ್ತುತ್ತದೆ. ಜೊತೆಗೆ ಬಂದ ಉಪ್ಪು ಸಿಮೆಂಟಿನ ಹಿಂದೆ ಹರಳುಗಟ್ಟಿ ಇಟ್ಟಿಗೆಯನ್ನೇ ಒಡೆಯುತ್ತದೆ.

ರಿಚ್ಮಂಡ್ ಟೌನಿನ ಒಂದು ಮನೆಯಲ್ಲಿ ಸೊಂಟದೆತ್ತರ ಇದ್ದ ತೇವ, ಸಿಮೆಂಟ್ ಹಾಕಿಸಿದ ಮೇಲೆ ಕಿಟಕಿಯ ಅಡಿಯವರೆಗೆ ಏರಿತ್ತು. ಪದರ ಕೆತ್ತಿಸಿದಾಗ ಹಿಂದಿನ ಇಟ್ಟಿಗೆ ಬೆರಳಲ್ಲಿ ಒತ್ತಿದರೆ ಕೆಂಪು ಪುಡಿ, ಮೇಲೆಲ್ಲ ಹತ್ತಿಯಂಥ ಬಿಳಿ ಉಪ್ಪು. ಆ ಮನೆಯ ಅಜ್ಜಿ ಪುಡಿಯನ್ನು ಅಂಗೈಯಲ್ಲಿ ಹಿಡಿದು, "ಗಟ್ಟಿ ಆಗ್ಲಿ ಅಂತ ತಾನೇ ಹಾಕ್ಸಿದ್ದು?" ಅಂದರು. ಪಾಪ, ಅವರ ತಪ್ಪೇನಿಲ್ಲ. ಮೇಸ್ತ್ರಿ ಹಾಗೆ ಹೇಳಿರುತ್ತಾನೆ.

ಸುಣ್ಣ ಅಂದರೆ ದುರ್ಬಲ ಅನ್ನೋ ನಂಬಿಕೆಯೇ ಸುಳ್ಳು. ಕನ್ನಂಬಾಡಿ ಕಟ್ಟೆ ಕಟ್ಟಿದ್ದೂ ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲೇ, ಅಲ್ವಾ? ಈ ಬಂಗಲೆಗಳ ಮದ್ರಾಸ್ ತಾರಸಿ ನೋಡಿ. ತೊಲೆಗಳ ಮೇಲೆ ತೆಳು ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ, ಮೇಲೆ ಇಟ್ಟಿಗೆ ಜಲ್ಲಿ, ಸುಣ್ಣ ಹರಡುತ್ತಿದ್ದರು. ಅಳಲೆಕಾಯಿ, ಬೆಲ್ಲದ ನೀರು ಚಿಮುಕಿಸುತ್ತಾ ಹೆಂಗಸರು ಸಾಲಾಗಿ ಕೂತು ದಿನಗಟ್ಟಲೆ ಮರದ ಕೊಡತಿಯಲ್ಲಿ ಬಡಿಯುತ್ತಿದ್ದರು. ಆ ಕೆಲಸ ಕಂಡಾಗ ನನಗೆ ಈಗಲೂ ಕೈ ಮುಗಿಯಬೇಕು ಅನಿಸುತ್ತದೆ. ತಾರಸಿ ಸೋರುತ್ತದೆ ಅಂತ ಅದರ ಮೇಲೆ ಕಾಂಕ್ರೀಟ್ ಸುರಿದರೆ ತೊಲೆಗೆ ಹೊರೆ ಜಾಸ್ತಿ. ಒಳಗೆ ಸಿಕ್ಕಿಬಿದ್ದ ತೇವಕ್ಕೆ, ಗೋಡೆಯೊಳಗಿನ ತೊಲೆಯ ತುದಿ ಮೊದಲು ಕೊಳೆಯುತ್ತದೆ.

ಹಾಗಂತ ನಾಳೆಯೇ ಎಲ್ಲ ಸಿಮೆಂಟ್ ಕೀಳಿಸಬೇಡಿ. ಕೆಲವು ಕಡೆ ಅದು ಇಟ್ಟಿಗೆಯನ್ನೂ ಕಿತ್ತುಕೊಂಡು ಬರುತ್ತದೆ. ಗೋಡೆ ನೋಡದೆ ಯಾರೂ ಖಚಿತವಾಗಿ ಹೇಳಲಾರರು. ಮೊದಲು ಮಳೆನೀರಿನ ಕೊಳವೆ ಸೋರುತ್ತಿದೆಯಾ, ಅಂಗಳದ ಮಣ್ಣು ಮನೆಯೊಳಗಿನ ನೆಲಕ್ಕಿಂತ ಎತ್ತರ ಬಂದಿದೆಯಾ ನೋಡಿ. ಎಷ್ಟೋ ಮನೆಗಳಲ್ಲಿ ಇಷ್ಟು ಸರಿಮಾಡಿದರೆ ಅರ್ಧ ತೇವ ಕಡಿಮೆಯಾಗುತ್ತದೆ. ಆಮೇಲೆ ಒಂದು ಸಣ್ಣ ಭಾಗ ಕೆತ್ತಿಸಿ, ಬೇಸಿಗೆ ಪೂರ್ತಿ ಆರಲು ಬಿಟ್ಟು, ಸುಣ್ಣದ ಗಾರೆ ಹಾಕಿಸಿ. ಮೇಲೆ ಸುಣ್ಣವನ್ನೇ ಬಳಿಸಿ, ಪ್ಲಾಸ್ಟಿಕ್ ಎಮಲ್ಷನ್ ಬಣ್ಣ ಬೇಡ. ಜೂನ್‌ನಲ್ಲಿ ಮಳೆ ಶುರುವಾದ ಮೇಲೆ ಕರೆದರೆ, ನಾನು ಕೆಲಸ ಶುರುಮಾಡೋದು ಜನವರಿಗೇ.